ದೀಪ ಹಚ್ಚಿದ ಮೇಲೆ ಬಂದ ಪಗಾರ

ಕಲ್ಯಾಣ ಕೇಂದ್ರದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಮೊದಲು ಕೇಳುವುದು, ನೀವು ಏನು ಓದಿದ್ದೀರಿ ಎಂದು. ಹೊಲಿಗೆಯ ಡಿಪ್ಲೊಮಾ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಅವರೆಲ್ಲ ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವರು, ಮನಸ್ಸು, ವರ್ತನೆ, ಸಮಾಲೋಚನೆ ಎಂದು ದೊಡ್ಡ ದೊಡ್ಡ ಮಾತು ಕಲಿತವರು. ಕಲಿಯಲಿ, ಒಳ್ಳೆಯದೇ. ಆದರೆ ಪಗಾರದ ದಿನ ಒಬ್ಬ ಗಂಡಸು ಕಾರಖಾನೆಯ ಗೇಟಿನಿಂದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವನ ಹೊಟ್ಟೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ನನಗೆ ಅದನ್ನು ಕಲಿಸಿದವರು ಶರಣಪ್ಪ ಮತ್ತು ಅವನ ಹೆಂಡತಿ ಗಂಗಮ್ಮ. ಅವರ ಕಥೆ ಹೇಳಿದರೆ ನನ್ನ ನೌಕರಿಯ ಕಥೆ ಹೇಳಿದಂತೆಯೇ.

ನಾನು ಕೆಲಸಕ್ಕೆ ಸೇರಿದಾಗ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ವಾಡಿ ಕಡೆಯ ಒಂದು ಸಿಮೆಂಟ್ ಕಾರಖಾನೆ, ಅದರ ಹಿಂದೆ ಕಾರ್ಮಿಕರ ಕಾಲೋನಿ, ಕಾಲೋನಿಯ ನಡುವೆ ಫರ್ಸಿ ಕಲ್ಲು ಹಾಸಿದ ಒಂದು ಕೋಣೆ. ಆ ಕೋಣೆಯೇ ಮಹಿಳಾ ಕಲ್ಯಾಣ ಕೇಂದ್ರ. ಹೆಂಗಸರಿಗೆ ಹೊಲಿಗೆ ಕಲಿಸುವುದು, ಕೂಸುಗಳಿಗೆ ಹಾಲಿನ ಪುಡಿ ಹಂಚುವುದು, ಮತ್ತೆ 'ಮಿತವ್ಯಯದ ತಿಳಿವಳಿಕೆ' ಕೊಡುವುದು ನನ್ನ ಕೆಲಸ ಎಂದು ನೇಮಕದ ಆದೇಶದಲ್ಲಿ ಬರೆದಿತ್ತು. ಹೊಲಿಗೆ ನನಗೆ ಬರುತ್ತಿತ್ತು. ಹಾಲಿನ ಪುಡಿ ಹಂಚಲು ಯಾರಿಗಾದರೂ ಬರುತ್ತದೆ. ಮಿತವ್ಯಯ ಮಾತ್ರ ನನಗೂ ಗೊತ್ತಿರಲಿಲ್ಲ, ನನ್ನ ಮೇಲಿನವರಿಗೂ ಗೊತ್ತಿರಲಿಲ್ಲ.

ನನ್ನ ಮೇಲಿನವರೆಂದರೆ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಸಾಹೇಬರು. ಧಾರವಾಡದ ಕಡೆಯವರು, ಇಸ್ತ್ರಿ ಮುರಿಯದ ಮನುಷ್ಯ, ಸ್ವಭಾವದಲ್ಲಿ ಕೆಟ್ಟವರಲ್ಲ. ಅವರಿಗೆ ಪೋಸ್ಟರ್ ಎಂದರೆ ಪಂಚಪ್ರಾಣ. ಯಾವುದೋ ವಿಲಾಯತಿ ಪುಸ್ತಕ ನೋಡಿ, ಹಂದಿಯ ಬೆನ್ನಿನ ಸೀಳಿನಲ್ಲಿ ನಾಣ್ಯ ಹಾಕುವ ಚಿತ್ರ ಬರೆಸಿ ಕಾಲೋನಿಯ ತುಂಬ ಹಚ್ಚಿಸಿದರು. ಕೆಳಗೆ 'ಇಂದೇ ಉಳಿಸಿರಿ' ಎಂಬ ಅಕ್ಷರ. ಮರುದಿನ ಬೆಳಿಗ್ಗೆ ನನ್ನ ಕೋಣೆಯ ಮುಂದೆ ಹೆಂಗಸರು ನೆರೆದರು. ಗೇಟಿನ ಎದುರು ಹೋಟೆಲ್ ಇಟ್ಟಿದ್ದ ಮಹಬೂಬ್ ಸಾಬರ ಹೆಂಡತಿ ಖಾಜಾಬಿ ಮುಂದೆ ನಿಂತಿದ್ದಳು. ಅವರೆಲ್ಲ ನನ್ನನ್ನು ಕರೆಯುತ್ತಿದ್ದದ್ದು ಬಾಯಾರು ಎಂದು.

"ಬಾಯಾರ, ನಮ್ಮ ಮಂದಿ ಇದರ ಮಾರಿ ನೋಡಂಗಿಲ್ಲ. ನಿಮ್ಮ ಮಂದಿ ಇದನ್ನ ಓಣ್ಯಾಗಿಂದ ಹೊಡದು ಓಡಸ್ತಾರ. ಮತ್ತ ರೊಕ್ಕ ಇದರ ಹೊಟ್ಯಾಗ ಯಾರು ಹಾಕಬೇಕ್ರಿ?"

ಸಾಹೇಬರಿಗೆ ಹೇಳಿದೆ. ಅವರು ಶಹಾಬಾದಿನಿಂದ ಪೇಂಟರನನ್ನು ಕರೆಸಿ, ಎಲ್ಲ ಹಂದಿಗಳಿಗೂ ಸೊಂಡಿಲು ಬರೆಸಿ ಆನೆ ಮಾಡಿಸಿದರು. ಕಿವಿ ಸಣ್ಣವೇ ಉಳಿದವು. ಆ ಆನೆಗಳನ್ನು ನೋಡಿ ಕಾಲೋನಿಯ ಮಕ್ಕಳು ವರ್ಷಗಟ್ಟಲೆ ನಕ್ಕರು. ಒಬ್ಬರೂ ಒಂದು ಪೈಸೆ ಉಳಿಸಲಿಲ್ಲ.

ಆಮೇಲೆ ನನ್ನ ಸರದಿ. ನಾನು ರೊಕ್ಕ ಕೂಡಿಡುವ ಮಣ್ಣಿನ ಗಲ್ಲಾ ತರಿಸಿ ಹೆಂಗಸರಿಗೆ ಹಂಚಿ, ಗಂಡಸರಿಗೆ ಕಾಣದ ಹಾಗೆ ಮುಚ್ಚಿಡಿರಿ ಎಂದು ಉಪದೇಶ ಮಾಡಿದೆ. ಮುಚ್ಚಿಟ್ಟರು. ಜೋಳದ ಗಡಿಗೆಯಲ್ಲಿ, ಸಗಣಿ ಕುಳ್ಳಿನ ರಾಶಿಯಲ್ಲಿ, ದೇವರ ಹಿಂದೆ. ಗಂಡಸರು ಹುಡುಕಿದರು. ಮನೆ ಮನೆಯಲ್ಲೂ ಇಲ್ಲದ ಸಂಶಯ ಹುಟ್ಟಿತು. ಒಂದು ತಿಂಗಳಲ್ಲಿ ಕಾಲೋನಿಯ ತಿಪ್ಪೆಯ ತುಂಬ ಒಡೆದ ಗಲ್ಲಾದ ಚೂರುಗಳು. ರೊಕ್ಕವನ್ನು ಕಳ್ಳನ ಹಾಗೆ ಅಡಗಿಸಿದರೆ ಮನೆಯವರೆಲ್ಲ ಪೊಲೀಸರಾಗುತ್ತಾರೆ ಎಂದು ಅಂದು ಗೊತ್ತಾಯಿತು.

ಭಾಷಣ ಬಿಟ್ಟು ಕೌದಿಗೆ ಕೂತಿದ್ದು ಆಮೇಲೆಯೇ. ಹೊಲಿಗೆ ತರಗತಿಯಲ್ಲಿ ಹಳೆಯ ಸೀರೆಗಳನ್ನು ಹರವಿ ಎಲ್ಲರೂ ಸುತ್ತ ಕೂತು ಕೌದಿ ಹೊಲಿಯುವುದು. ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಕೇಳಿದೆ, "ರೊಕ್ಕ ಕೈಯಾಗ ಬಂದಾಗ ನಿಮ್ಮ ಹೊಟ್ಯಾಗ ಏನಾಗ್ತದ?" ಎಷ್ಟು ಉಳಿಸಿದಿರಿ ಎಂದು ಕೇಳಲಿಲ್ಲ ಎಂಬುದನ್ನು ಗಮನಿಸಿರಿ. ನನ್ನ ಇಡೀ ನೌಕರಿಯಲ್ಲಿ ನಾನು ಕೇಳಿದ ಒಂದೇ ಒಂದು ಜಾಣ ಪ್ರಶ್ನೆ ಅದು.

ಖಾಜಾಬಿ ನಕ್ಕಳು. "ನನಗ ನಗಿ ಬರ್ತದ್ರಿ. ಹೆಂಗ ಬಂತು ಹಂಗೇ ಹೋಗಾದು. ಬೀಗರಿದ್ದಂಗ."

ಒಬ್ಬಳು ಸಿಟ್ಟು ಬರುತ್ತದೆ ಎಂದಳು. ಇನ್ನೊಬ್ಬಳಿಗೆ ಸತ್ತ ತಾಯಿಯ ನೆನಪಂತೆ. ಗಂಗಮ್ಮ ಸೂಜಿ ಓಡಿಸುತ್ತಿದ್ದಳು. ಅವಳು ಸೇಡಂ ತಾಲೂಕಿನ ಮುಧೋಳದವಳು. ಗಂಡ ಶರಣಪ್ಪ ಕಾರಖಾನೆಯಲ್ಲಿ ಚೀಲ ತುಂಬುವ ವಿಭಾಗದಲ್ಲಿದ್ದ. ಎರಡು ಮಕ್ಕಳು. ದಾರ ಕಡಿದು, ತಲೆ ಎತ್ತದೆ ಹೇಳಿದಳು.

"ನನಗ ಅಂಜಿಕಿ ಬರ್ತದ್ರಿ ಬಾಯಾರ. ನಮ್ಮವ್ವ ಪೆಟಿಗಿ ಮುಚ್ಚಳ ತೆಗೆದಾಗೆಲ್ಲ ಖಾಲಿನೇ ಇರ್ತಿತ್ತು. ಆ ಕಿರ್ರ್ ಅನ್ನೋ ಸಪ್ಪಳ ಇನ್ನೂ ಕಿವ್ಯಾಗ ಅದ. ಒಂದ್ ನೋಟು ಸಿಕ್ರ ಬಳಿ ಡಬ್ಬ್ಯಾಗ ಸುತ್ತಿ ಇಡ್ತೀನಿ. ಹುಡುಗನ ಚಡ್ಡಿ ಹರದದ, ಹೊಸಾದು ತರಬೇಕಂದ್ರ ಕೈ ಬರಲ್ಲ. ಇದ್ರೂ ಇಲ್ಲದಂಗೇ ರೀ."

"ನಿಮ್ಮ ಮನ್ಯಾವ್ರಿಗೆ ಏನಾಗ್ತದ?" ಎಂದೆ.

"ಅವ್ರಿಗೇನಾಗ್ತದ? ಮನಿ ತನಕ ರೊಕ್ಕ ಬಂದ್ರ ತಾನೆ?"

ಎಲ್ಲರೂ ನಕ್ಕರು. ಗಂಗಮ್ಮ ನಗಲಿಲ್ಲ.

ಪಗಾರದ ದಿನದ ರೀತಿಯನ್ನು ಇಲ್ಲಿ ಹೇಳಬೇಕು. ಮೊದಲ ಪಾಳಿ ಬಿಡುವುದು ಮಧ್ಯಾಹ್ನ. ಪಾಳಿ ಬಿಟ್ಟವರು ಕ್ಯಾಷ್ ಕಿಟಕಿಯಲ್ಲಿ ಪಗಾರ ತೆಗೆದುಕೊಂಡು ಗೇಟು ದಾಟಿದರೆ ಎದುರಿಗೇ ಮಹಬೂಬ್ ಸಾಬರ ಹೋಟೆಲ್. ಅಲ್ಲಿ ಯಾರಾದರೂ ಹೆಸರು ಹಿಡಿದು ಚಹಾಕ್ಕೆ ಕರೆದರೆ ಹೋಗಲೇಬೇಕು. ನಮ್ಮ ಸೀಮೆಯಲ್ಲಿ ಕೊಡುವ ಚಹಾ ಒಲ್ಲೆ ಅಂದರೆ ಬೈದಂತೆಯೇ. ಹೋದ ಮೇಲೆ ಪಗಾರದ ಕವರು ಬಿಚ್ಚಲೇಬೇಕು. ಬಿಚ್ಚದೆ ನೇರ ಮನೆಗೆ ಹೋದವನಿಗೆ ಹೆಂಡತಿಯ ಗುಲಾಮ ಎಂಬ ಬಿರುದು. ಚಹಾ ಆದ ಮೇಲೆ ಭಜಿ, ಭಜಿ ಆದ ಮೇಲೆ ಕೆಲವರಿಗೆ ಹೆಂಡ ಮಾರುವ ಸೇಂದಿ ಅಂಗಡಿ.

ನಾನು ಸಿಟ್ಟಿನ ಹೆಂಗಸು. ಮುಂದಿನ ಪಗಾರಕ್ಕೆ ನೇರ ಹೋಟೆಲಿಗೇ ನುಗ್ಗಿದೆ. ಅಲ್ಲಿಯವರೆಗೆ ಆ ಬಾಗಿಲಲ್ಲಿ ಹೆಂಗಸಿನ ನೆರಳು ಬಿದ್ದಿರಲಿಲ್ಲ. ನಡುವಿನ ಬೆಂಚಿನಲ್ಲಿ ಶರಣಪ್ಪ. ಮೈತುಂಬ ಸಿಮೆಂಟಿನ ಬೂದಿ, ಮುಖದಲ್ಲಿ ಮಾತ್ರ ದೊರೆಯ ಕಳೆ. ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಭಜಿಯ ತಟ್ಟೆ ಹೇಳುತ್ತಿದ್ದ. ಬೈಯಲು ಹೋದವಳು ಅವನ ಕೈ ನೋಡಿ ಸುಮ್ಮನಾದೆ. ನೋಟನ್ನು ತುದಿ ಬೆರಳಲ್ಲಿ ಹಿಡಿದಿದ್ದ. ಹಂಚಿನ ಮೇಲಿನ ಬಿಸಿ ರೊಟ್ಟಿ ಹಿಡಿದ ಹಾಗೆ, ಯಾವಾಗ ಕೆಳಗಿಟ್ಟೇನೋ ಎಂಬಂತೆ. ಕುಡುಕನಲ್ಲ, ಜೂಜುಕೋರನಲ್ಲ. ಈ ಮನುಷ್ಯನಿಗೆ ರೊಕ್ಕ ಸುಡುತ್ತದೆ ಎಂದು ನನಗೆ ಆಗ ಅನಿಸಿತು.

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಕೌದಿಯಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಮೊದಲು ನಕ್ಕ. ಆಮೇಲೆ ನೆಲ ನೋಡುತ್ತ ಹೇಳಿದ.

"ಕೋಡ್ಲಾ ಕಡಿ ಒಬ್ಬರ ಹೊಲದಾಗ ನಮ್ಮಪ್ಪ ಕೂಲಿ ಮಾಡ್ತಿದ್ನ್ರಿ. ಮಾಲಕರು ಕೂಲಿ ಕೈಯಾಗ ಕೊಡ್ತಿರಲಿಲ್ಲ. ಕಟ್ಟಿ ಮ್ಯಾಲ ಕುಂತು ಮಣ್ಣಾಗ ಒಗೀತಿದ್ರು. ನಮ್ಮಪ್ಪ ಎಲ್ಲರ ಮುಂದ ಬಗ್ಗಿ ಬಗ್ಗಿ ಆರಿಸ್ಕೋತಿದ್ದ. ನಾ ಬಾಜೂಕ ನಿಂತಿರ್ತಿದ್ದೆ. ರೊಕ್ಕ ಕೈಗಿ ಬಂತಂದ್ರ ನನಗ ಅದೇ ಕಾಣ್ತದ. ನಾಕ್ ಮಂದಿಗಿ ಕೊಟ್ಟಾಗ ಬೆನ್ನು ನೆಟ್ಟಗ ಆಗ್ತದ್ರಿ."

ಗಂಗಮ್ಮ ಒಲೆಯ ಮುಂದೆ ಕೂತಿದ್ದಳು. ರೊಟ್ಟಿ ತಟ್ಟುವ ಕೈ ನಿಂತಿತು. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಈ ಮಾತನ್ನು ಅವಳಿಗೆ ಹೇಳಿರಲಿಲ್ಲ. ತನ್ನ ತಾಯಿಯ ಪೆಟ್ಟಿಗೆಯ ಮಾತನ್ನು ಅವಳೂ ಅವನಿಗೆ ಹೇಳಿರಲಿಲ್ಲ. ಏಳು ಜನ್ಮಕ್ಕಾಗುವಷ್ಟು ಜಗಳವಾಡಿದ್ದರು, ಇದೊಂದನ್ನು ಮಾತ್ರ ಆಡಿರಲಿಲ್ಲ.

ಮಾತಾಡಿದರೆ ರೋಗ ಅರ್ಧ ಹೋಗುತ್ತದೆ ಅನ್ನುತ್ತಾರೆ. ಉಳಿದ ಅರ್ಧ ಬಹಳ ಗಟ್ಟಿ. ಅದೇ ಹೊತ್ತಿಗೆ ಕಾರಖಾನೆಯ ನೋಟಿಸ್ ಬೋರ್ಡಿನಲ್ಲಿ ಸುದ್ದಿ ಬಂತು. ಪಗಾರ ಪರಿಷ್ಕರಣೆಯಾಗಿ, ಹಿಂದಿನ ತಿಂಗಳುಗಳ ಬಾಕಿಯನ್ನೆಲ್ಲ ಕಾರ ಹುಣ್ಣಿಮೆ ಕಳೆದ ಮೇಲೆ ಒಂದೇ ಗಂಟಿನಲ್ಲಿ ಕೊಡುತ್ತಾರೆ. ಎಲ್ಲರೂ ಅದನ್ನು ಅರಿಯರ್ಸ್ ಎನ್ನುತ್ತಿದ್ದರು. ಕಾಲೋನಿಯೆಲ್ಲ ಸಂಭ್ರಮ. ಗಂಗಮ್ಮ ಮಾತ್ರ ಒಂದು ಪೋಸ್ಟ್ ಕಾರ್ಡ್ ಹಿಡಿದು ನನ್ನ ಕೋಣೆಗೆ ಬಂದಳು.

"ನಮ್ಮಣ್ಣಗ ಬರೀರಿ ಬಾಯಾರ. ಅರಿಯರ್ಸ್ ಕೊಟ್ಟ ಮರುದಿನ ಬಂದು ಕರ್ಕೊಂಡು ಹೋಗು ಅಂತ."

"ಗಂಗಮ್ಮ, ಯಾಕ?"

"ಹಿಂದಿನ ಬೋನಸ್ಸು ಎರಡು ದಿನದಾಗ ಹೋಟೆಲಿಗಿ ಹೋತು. ಅವ್ರ ಅಪ್ಪನ ಮಾತು ಕೇಳಿ ನನ್ನ ಹೊಟ್ಟಿ ಉರೀತು, ಖರೇ. ಆದ್ರ ನನ್ನ ಮಕ್ಕಳ ಹೊಟ್ಟಿನೂ ಅದ ಅಲ್ರಿ. ಈ ಸಲ ಗಂಟು ಮನಿಗಿ ಬಂದ್ರ ಇರ್ತೀನಿ. ಇಲ್ಲಂದ್ರ ಹುಡುಗರ್ನ ಕರ್ಕೊಂಡು ಹೋಗ್ತೀನಿ, ತಿರುಗಿ ಬರಲ್ಲ."

ಅವಳು ಬೆದರಿಸುವ ಜಾತಿಯವಳಲ್ಲ. ನಾನೇ ನನ್ನ ಕೈಯಾರೆ ಆ ಕಾರ್ಡು ಬರೆದೆ. ಒಂದು ಸಂಸಾರ ಮುರಿಯುವ ಕಾಗದಕ್ಕೆ ನನ್ನ ಅಕ್ಷರ ಬಿತ್ತಲ್ಲ ಎಂದು ಆ ದಿನ ಊಟ ಸೇರಲಿಲ್ಲ.

ಉಳಿದ ದಿನಗಳಲ್ಲಿ ಇಬ್ಬರಿಗೂ ಒಂದೊಂದು ಪಾಠ ಕೊಟ್ಟೆ. ಶರಣಪ್ಪನಿಗೆ: ದಿನಾ ಒಂದು ರೂಪಾಯಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗು, ಅದೇ ರೂಪಾಯಿಯನ್ನು ಮನೆಗೆ ವಾಪಸ್ಸು ತಾ, ಕೈ ಕಿಸೆಗೆ ಹೋದಾಗಲೆಲ್ಲ ಯಾಕೆ ಹೋಯಿತು ಎಂದು ಒಮ್ಮೆ ಕೇಳಿಕೋ. ಗಂಗಮ್ಮನಿಗೆ: ವಾರಕ್ಕೊಮ್ಮೆ ಎಂಟಾಣೆ ಖರ್ಚು ಮಾಡು, ಜೀರಿಗೆಗಲ್ಲ ಉಪ್ಪಿಗಲ್ಲ, ಬರೀ ಖುಷಿಗೆ. ಇಬ್ಬರೂ ನನ್ನನ್ನು ಹುಚ್ಚಿಯ ಹಾಗೆ ನೋಡಿದರು.

ಶರಣಪ್ಪ ಮೊದಲ ದಿನವೇ ಸೋತ. "ಕಿಸೆದಾಗ ಇರಿವಿ ಬಿಟ್ಟಂಗಾತ್ರಿ. ಲಾರಿ ಡ್ರೈವರಗ ಬೀಡಿ ಕೊಡಿಸಿಬಿಟ್ಟೆ." ಗಂಗಮ್ಮ ಬಳೆಗಾರ್ತಿಯ ಹತ್ತಿರ ಹಸಿರು ಬಳೆ ತೊಟ್ಟು, ಓಣಿಯ ತಿರುವಿನ ತನಕ ಹೋಗಿ, ತಿರುಗಿ ಬಂದು ಬಿಚ್ಚಿಕೊಟ್ಟಳು. ಬಳೆಗಾರ್ತಿ ನನ್ನನ್ನೂ ಸೇರಿಸಿ ಬೈದಳು. ನಾನು ಬಿಡಲಿಲ್ಲ. ಬಿದ್ದರೂ ಏಳಬೇಕು, ನಾಳೆ ಮತ್ತೆ ಕಿಸೆ, ಮತ್ತೆ ಬಳೆ. ನಡುನಡುವೆ ಶರಣಪ್ಪನ ರೂಪಾಯಿ ಮನೆ ಮುಟ್ಟತೊಡಗಿತು. ಆದರೆ ಒಂದು ರೂಪಾಯಿ ಬೇರೆ, ಹೋಟೆಲಿನ ಮುಂದೆ ನೋಟಿನ ಕಟ್ಟು ಬೇರೆ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ದಾರಿ ಸಿಕ್ಕದ್ದು ನನ್ನ ತಲೆಯಿಂದಲ್ಲ. ಹೊಲಿಗೆ ತರಗತಿಯ ದಾರಕ್ಕೆಂದು ಎಲ್ಲರಿಂದ ಎತ್ತುವ ವರ್ಗಣಿ ಕೂಡಿಸಲು ಒಂದು ಸಂಜೆ ಗಂಗಮ್ಮನ ಮನೆಗೆ ಹೋದೆ. ಶರಣಪ್ಪ ಕಟ್ಟೆಯ ಮೇಲಿದ್ದ. ನಾನು ವರ್ಗಣಿ ಎಂದದ್ದೇ ತಡ, ಅವನ ಕೈ ರೂಢಿಯಂತೆ ಕಿಸೆಗೆ ಹೋಯಿತು. ಒಳಗಿನಿಂದ ಗಂಗಮ್ಮ ಹೇಳಿದಳು, "ದೀಪ ಹಚ್ಚೀನ್ರಿ ಬಾಯಾರ. ಈಗ ಮನಿ ರೊಕ್ಕ ಹೊರಗ ಹೋಗಂಗಿಲ್ಲ. ಮುಂಜಾನಿ ಬರ್ರಿ."

ಶರಣಪ್ಪನ ಕೈ ಕಿಸೆಯಿಂದ ಹೊರಗೆ ಬಂತು, ಖಾಲಿ. ತಪ್ಪು ಮಾಡಲು ಹೋದವನಂತೆ ಗಲ್ಲ ಬಡಿದುಕೊಂಡ.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದ ನಡವಳಿಕೆ. ದೀಪ ಹಚ್ಚಿದ ಮೇಲೆ ರೊಕ್ಕ, ಮೊಸರು, ಉಪ್ಪು ಮನೆಯಿಂದ ಆಚೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು. ಇದು ಮೂಢನಂಬಿಕೆ, ಬಿಡಿರಿ ಎಂದು ನಾನೇ ಎಷ್ಟೋ ಸಲ ಭಾಷಣ ಮಾಡಿದ್ದೆ. ಅದಕ್ಕೂ ಸಾಹೇಬರದೊಂದು ಪೋಸ್ಟರ್ ಇತ್ತು. ಈಗ ನೋಡಿದರೆ, ನನ್ನ ಮಾತು, ಹೆಂಡತಿಯ ಕಣ್ಣೀರು, ಆನೆಯಾದ ಹಂದಿ, ಯಾವುದಕ್ಕೂ ಬಗ್ಗದ ಕೈ ಒಂದು ಚಿಮಣಿ ದೀಪಕ್ಕೆ ಬಗ್ಗಿತ್ತು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಒಂದು ರಾತ್ರಿ ಮಾತ್ರ. ರೊಕ್ಕ ಒಂದು ರಾತ್ರಿ ಮನೆಯಲ್ಲಿ ಮಲಗಿ ಎದ್ದರೆ ಅದರ ಬಿಸಿ ಆರುತ್ತದೆ. ನಾನು ವರ್ಗಣಿ ಮರೆತು ಓಡುತ್ತ ಮನೆಗೆ ಬಂದೆ. ಇಷ್ಟು ಸಂತೋಷ ನನಗೆ ನೌಕರಿ ಕಾಯಂ ಆದ ದಿನವೂ ಆಗಿರಲಿಲ್ಲ.

ಬೆಳಿಗ್ಗೆ ಸಾಹೇಬರ ಮುಂದೆ ನಿಂತು ಹೇಳಿದೆ, ಅರಿಯರ್ಸನ್ನು ಮಧ್ಯಾಹ್ನ ಕೊಡಬೇಡಿರಿ, ದೀಪ ಹಚ್ಚುವ ಹೊತ್ತಿಗೆ ಕೊಡಿರಿ.

ಸಾಹೇಬರು ಕನ್ನಡಕ ತೆಗೆದರು. "ಬಾಯಿಯವರ, ಕಾರಖಾನಿ ನಡಿಯೂದು ಪಾಳಿ ಮ್ಯಾಲ. ಪಂಚಾಂಗದ ಮ್ಯಾಲ ಅಲ್ಲ."

"ಪಗಾರದ ಮರುದಿನ ಚೀಲ ತುಂಬುವ ವಿಭಾಗಕ್ಕೆ ಎಷ್ಟು ಮಂದಿ ಬರ್ತಾರ್ರಿ?"

ಸಾಹೇಬರು ಹಾಜರಿ ಪುಸ್ತಕದ ಕಡೆ ನೋಡಿದರು. ಅರ್ಧ ಮಂದಿ ಬರುತ್ತಿರಲಿಲ್ಲ. ಸಿಮೆಂಟ್ ತುಂಬಬೇಕಾದ ವ್ಯಾಗನ್ನುಗಳು ವಾಡಿ ಸೈಡಿಂಗಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ವ್ಯಾಗನ್ ನಿಂತರೆ ರೈಲ್ವೆಯವರು ದಂಡ ಹಾಕುತ್ತಾರೆ. ಆ ದಂಡದ ಹೆಸರು ಕೇಳಿದರೆ ಸಾಹೇಬರ ಹೊಟ್ಟೆಯಲ್ಲೂ ಏನೋ ಆಗುತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಪೆಟ್ಟಿಗೆಯ ಸಪ್ಪಳ ಇರುತ್ತದೆ. ಸಾಹೇಬರದು ಅದು.

"ಒಂದು ಸಲ ನೋಡೋಣ," ಎಂದರು. "ಆದರೆ ದೀಪ ಗೀಪ ಅಂತ ಎಲ್ಲೂ ಬಾಯಿ ಬಿಡಬ್ಯಾಡ್ರಿ."

ಹೋಟೆಲ್ ಉಳಿದಿತ್ತು. ಖಾಜಾಬಿಯನ್ನು ಮುಂದೆ ಮಾಡಿಕೊಂಡು ಮಹಬೂಬ್ ಸಾಬರ ಹತ್ತಿರ ಹೋದೆ. ಅವರಿಗೆ ಆ ದಿನದ ವ್ಯಾಪಾರ ತಿಂಗಳ ವ್ಯಾಪಾರಕ್ಕೆ ಸಮ. ಗಡ್ಡ ನೀವಿಕೊಳ್ಳುತ್ತ ಗಲ್ಲಾದ ಕಡೆ ನೋಡಿದರು.

"ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗಿ ನಾ ಹೆಂಗೂ ಗಲ್ಲಾ ಮುಚ್ಚತೀನಿ ಬಾಯಾರ. ಅವತ್ತ ನಮಾಜ್ ಆದ ಮ್ಯಾಲ ತೆಗ್ಯಂಗಿಲ್ಲ, ಅಷ್ಟೇ. ಶರಣಪ್ಪನ ರೊಕ್ಕ ತಗೋವಾಗ ನನಗೂ ಛಲೋ ಅನಸ್ತಿರಲಿಲ್ಲ. ಮನಿಗಿ ಹೋಗಿ ಎಣಿಸಿ ನೋಡಿದ್ರ ಅದರಾಗ ಅವನ ಹುಡುಗರ ಮಾರಿ ಕಾಣ್ತಿತ್ತು."

"ಮತ್ತ ನಿಮ್ಮ ನುಕ್ಸಾನು?"

"ಒಂದ್ ದಿನದ ನುಕ್ಸಾನಿಗಿ ಯಾರೂ ಸಾಯಂಗಿಲ್ರಿ," ಎಂದು ಖಾಜಾಬಿ ಗಂಡನ ಪರವಾಗಿ ತೀರ್ಪು ಕೊಟ್ಟುಬಿಟ್ಟಳು.

ಆ ಸಂಜೆ ನಾನು ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ನಿಂತಿದ್ದೆ. ಸುಣ್ಣದ ಕಲ್ಲಿನ ಗುಡ್ಡದ ಹಿಂದೆ ಹೊತ್ತು ಇಳಿಯುತ್ತಿತ್ತು. ಕ್ಯಾಷ್ ಕಿಟಕಿಯ ಸಾಲು ಮೆಲ್ಲಗೆ ಸರಿಯಿತು. ಹೋಟೆಲಿನ ಹಲಗೆ ಬಾಗಿಲು ಮುಚ್ಚಿತ್ತು. ಕಾಲೋನಿಯಲ್ಲಿ ಒಂದೊಂದಾಗಿ ದೀಪ ಹತ್ತುವುದು ಗೇಟಿನಿಂದಲೇ ಕಾಣುತ್ತಿತ್ತು. ಗಂಡಸರು ಕವರು ಹಿಡಿದು ಹೊರಗೆ ಬಂದರು, ಮುಚ್ಚಿದ ಬಾಗಿಲು ನೋಡಿದರು, ದೀಪಗಳನ್ನು ನೋಡಿದರು. ಯಾರೋ ಗೊಣಗಿದರು. ಆದರೆ ಕವರು ಬಿಚ್ಚಲು ಯಾರ ಕೈಯೂ ಏಳಲಿಲ್ಲ. ದೀಪದ ಹೊತ್ತಿನಲ್ಲಿ ಬೀದಿಯಲ್ಲಿ ರೊಕ್ಕ ಬಿಚ್ಚುವ ಎದೆ ಯಾರಿಗೂ ಇರಲಿಲ್ಲ.

ಶರಣಪ್ಪ ಬಂದ. ಕವರು ಅಂಗಿಯ ಒಳಕಿಸೆಯಲ್ಲಿತ್ತು, ಅದರ ಮೇಲೆ ಅಂಗೈ. ಅವನ ಪಾಳಿಯ ಗೆಳೆಯರು ಬಿಡಬೇಕಲ್ಲ. ಸೇಂದಿ ಅಂಗಡಿಗೆ ಯಾವ ದೀಪವೂ ಇಲ್ಲ, ಯಾವ ನಮಾಜೂ ಇಲ್ಲ. ಒಬ್ಬ ಕೂಗಿದ, "ಶರಣಪ್ಪ, ಮಹಬೂಬ್ ಸಾಬ ಮುಚ್ಚಿದ್ರೇನಾತು, ಆ ಕಡಿ ನಡಿ. ನೀ ಕೊಡಸಲ್ಲಂದ್ರ ಯಾರು ಕೊಡಸ್ತಾರ? ಇಲ್ಲಾ, ಗಂಗಮ್ಮನ ಅಂಜಿಕಿಯೇನು?"

ಶರಣಪ್ಪ ನಿಂತ. ಹೋಗಿ ಕೈ ಹಿಡಿದು ಎಳೆಯಲೇ ಎಂದುಕೊಂಡೆ. ಹೋಗಲಿಲ್ಲ. ಹುಡುಗಿಯರೇ, ಇದನ್ನು ನೆನಪಿಡಿರಿ, ಅಂಥ ಗಳಿಗೆಯಲ್ಲಿ ನಿಂತಲ್ಲೇ ನಿಲ್ಲುವುದೇ ನಮ್ಮ ಕೆಲಸ.

ಅವನು ಕಿಸೆಯ ಮೇಲಿನ ಕೈ ತೆಗೆಯದೆ, ನಗುತ್ತಲೇ ಹೇಳಿದ. "ಇವತ್ತ ನಮ್ಮ ಮನಿಗಿ ದೊಡ್ಡ ಬೀಗರು ಹೊಂಟಾರಪ. ಹಾದ್ಯಾಗ ಅವರ್ನ ಬಿಟ್ಟು ಎಲ್ಲಿ ಬರ್ಲಿ? ನಾಳಿ ಎಲ್ಲಾರೂ ಮನಿಗಿ ಬರ್ರಿ. ಚಹಾ ನಮ್ಮ ಮನ್ಯಾಗೇ."

ಎಲ್ಲರೂ ನಕ್ಕರು. ಅವಮಾನ ಮಾಡುವ ನಗು ಅಲ್ಲ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದ. ಯಾರಿಗೂ ಒಂದು ಪೈಸೆ ಕೊಡದೆ ಅವನ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ನೋಡಿದೆ. ಹಿಂದೆ ಹಿಂದೆಯೇ ಹೋದೆ, ತಡೆಯಲಾಗಲಿಲ್ಲ.

ಮನೆಯ ಬಾಗಿಲ ಪಕ್ಕದಲ್ಲಿ ಎರಡು ಬಟ್ಟೆ ಗಂಟು ಕಟ್ಟಿಟ್ಟಿದ್ದವು. ಗಂಗಮ್ಮ ದೀಪದ ಮುಂದೆ ಕೂತಿದ್ದಳು. ಶರಣಪ್ಪ ಕೈಕಾಲು ತೊಳೆದು ಒಳಗೆ ಬಂದು, ಬಿಚ್ಚದ ಕವರನ್ನು ದೀಪದ ಮುಂದಿಟ್ಟ. ಗಂಗಮ್ಮನ ಕೈ ಸಟ್ಟನೆ ಮುಂದೆ ಹೋಯಿತು, ಬಳೆ ಡಬ್ಬಿಗೆ ಸೇರಿಸುವ ಹಳೆಯ ಕೈ. ಅರ್ಧಕ್ಕೆ ನಿಂತಿತು. ಉಸಿರು ಬಿಟ್ಟು ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

"ಅಲ್ಲೇ ಇರ್ಲಿ," ಎಂದಳು. "ಮುಂಜಾನಿ ಇಬ್ಬರೂ ಕುಂತು ಬಿಚ್ಚಮು."

ನಾನು ಹೊಸ್ತಿಲಲ್ಲಿ ನಿಂತು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಗೆದ್ದವರೂ ಅಳುತ್ತಾರೆ.

ಮರುದಿನ ಮಧ್ಯಾಹ್ನದ ಪ್ಯಾಸೆಂಜರಿಗೆ ಸೇಡಂನಿಂದ ಗಂಗಮ್ಮನ ಅಣ್ಣ ಬಂದ. ಮುಖ ಗಂಟು ಹಾಕಿಕೊಂಡೇ ಬಂದಿದ್ದ. ನೋಡಿದರೆ ಮನೆಯ ತುಂಬ ಪಾಳಿ ಮುಗಿಸಿ ಬಂದ ಶರಣಪ್ಪನ ಗೆಳೆಯರು, ಕೈಯಲ್ಲಿ ಚಹಾ, ನಡುವೆ ದೊಡ್ಡ ಪರಾತದಲ್ಲಿ ಚುರುಮುರಿಯ ಸುಸಲಾ. ಒಂದು ಹಿಡಿ ಚುರುಮುರಿಗೂ ಲೆಕ್ಕ ಇಡುತ್ತಿದ್ದ ಗಂಗಮ್ಮ ಇನ್ನೊಂದಿಷ್ಟು ಹಾಕ್ಕೊಳ್ರಿ ಎಂದು ತಾನೇ ಬಡಿಸುತ್ತಿದ್ದಳು. ಹುಡುಗನ ಮೈಮೇಲೆ ಹೊಸ ಚಡ್ಡಿ ಬಂದದ್ದು ಆ ಸಂಜೆ. ಅಣ್ಣ ಮೂಲೆಯಲ್ಲಿದ್ದ ಗಂಟುಗಳನ್ನು ನೋಡಿ ತಂಗಿಯನ್ನು ನೋಡಿದ.

"ಮತ್ತ ನಡಿ ಅಂತ ಬರದಿದ್ದೆಲ್ಲವ್ವ?"

"ಈಗ ಬ್ಯಾಡಣ್ಣ," ಎಂದಳು ಗಂಗಮ್ಮ. "ಪಂಚಮಿಗಿ ಕರಿಲಿಕ್ಕ ಬಾ. ಜೋಕಾಲಿ ಆಡಿ ಬರ್ತೀನಿ."

ಅಲ್ಲಿಂದ ಕಾಲೋನಿಯ ರೀತಿಯೇ ಬದಲಾಯಿತು. ಅರಿಯರ್ಸ್ ಕೊಟ್ಟ ಮರುದಿನ ಚೀಲ ತುಂಬುವ ವಿಭಾಗಕ್ಕೆ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು, ವ್ಯಾಗನ್ನುಗಳು ಹೊತ್ತಿಗೆ ಸರಿಯಾಗಿ ಹೊರಟವು. ಸಾಹೇಬರು ಪಗಾರವನ್ನೂ ಸಂಜೆಗೇ ಮಾಡಿದರು. ಮೇಲಿನವರಿಗೆ ಕಳಿಸಿದ ವರದಿಯಲ್ಲಿ ದೀಪದ ಸುದ್ದಿಯಿಲ್ಲ, 'ವೈಜ್ಞಾನಿಕ ವೇತನ ವಿತರಣಾ ಕ್ರಮ' ಎಂದಿತ್ತಂತೆ. ಇರಲಿ, ಅವರ ಹೊಟ್ಟೆ ತಣ್ಣಗಿರಲಿ. ಸೇಂದಿ ಅಂಗಡಿ ಮುಚ್ಚಲಿಲ್ಲ, ಎಲ್ಲ ಮನೆಯೂ ಉದ್ಧಾರವಾಗಲಿಲ್ಲ. ಆದರೆ ಪಗಾರ ಬಂದ ಮನೆಗಳಲ್ಲಿ ಬೆಳಿಗ್ಗೆ ಗಂಡ ಹೆಂಡತಿ ಎದುರುಬದುರು ಕೂತು ಕವರು ಬಿಚ್ಚುವುದು ರೂಢಿಯಾಯಿತು. ಬಿಚ್ಚುವ ಮೊದಲು ಯಾರಿಗೆ ಏನು ಅಂಜಿಕೆ, ಯಾರಿಗೆ ಏನು ಆಸೆ ಎಂದು ಹೇಳಿಕೊಳ್ಳುವುದು ಕೌದಿಯ ಹೆಂಗಸರು ಕೂಡಿಸಿದ ಪದ್ಧತಿ. ಮುಂದೆ ಚಿಂಚೋಳಿ, ಚಿತ್ತಾಪುರದ ಮಹಿಳಾ ಮಂಡಳಗಳಿಗೆ ನನ್ನನ್ನು ಕರೆದಾಗ ನಾನು ಇದಿಷ್ಟನ್ನೇ ಹೇಳಿದೆ. ರೊಕ್ಕಕ್ಕೆ ಬೈಯಬೇಡಿರಿ, ಪೂಜೆಯನ್ನೂ ಮಾಡಬೇಡಿರಿ. ಒಂದು ರಾತ್ರಿ ಅದರ ಜೊತೆ ಒಂದೇ ಮನೆಯಲ್ಲಿ ಸುಮ್ಮನೆ ಇರಲು ಕಲಿಯಿರಿ.

ಶ್ರಾವಣ ಬಂತು. ಪಂಚಮಿಗೆ ಎರಡು ದಿನ ಮುಂಚೆ ಅಣ್ಣ ಕರೆಯಲು ಬಂದ. ನಾನೂ ವಾಡಿ ಸ್ಟೇಷನ್ನಿಗೆ ಹೋದೆ. ಶರಣಪ್ಪ ಪಂಚಮಿಯ ಉಂಡಿ ತುಂಬಿದ ಡಬ್ಬಿ ಹಿಡಿದು ನಿಂತಿದ್ದ, ಮಕ್ಕಳು ರೈಲು ಬಂತೇ ಎಂದು ಹಳಿಯ ಕಡೆ ಇಣುಕುತ್ತಿದ್ದರು. ಅಣ್ಣ ಟಿಕೆಟ್ ತೆಗೆಸಲು ಹೊರಟಾಗ ಗಂಗಮ್ಮ ಅವನನ್ನು ತಡೆದು ತಾನೇ ಕಿಟಕಿಯ ಮುಂದೆ ನಿಂತಳು. ಸೊಂಟದ ಎಲೆಯಡಿಕೆ ಚೀಲದಿಂದ ನೋಟು ತೆಗೆದಳು. ಕಿಟಕಿಯೊಳಗೆ ಚಾಚಿದಳು. ಎಲ್ಲಿಗೆ ಎಂದು ಒಳಗಿನವನು ಕೇಳಿದ.

"ಸೇಡಂಕ ಕೊಡ್ರಿ," ಎಂದಳು ಗಂಗಮ್ಮ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ಹೋಗಾದೂ ಕೊಡ್ರಿ, ಬರಾದೂ ಕೊಡ್ರಿ."